ನರೆತ ತಲೆಗೆ ಮನೆಯಲ್ಲಿ ಸ್ಥಾನ

ಬೆಳಗಾವಿಯಂತಹ ನಗರದಲ್ಲಿ ವಾಸಿಸುವವರಿಗೆ ಒಂದು ಅನುಕೂಲವುಂಟು. ಒಂದೇ ಸಂಗತಿಯನ್ನು ಬೇರೆ ಬೇರೆ ಭಾಷೆಗಳು ಹೇಗೆ ಕಾಣುತ್ತವೆ ಎಂಬುದನ್ನು ಒಂದೇ ಗಲ್ಲಿಯಲ್ಲಿ ನಿಂತು ಅರಿಯಬಹುದು. ಕೂದಲು ಬೆಳ್ಳಗಾದುದಕ್ಕೆ ನಮ್ಮ ಕನ್ನಡದ ಹಿರಿಯರು ‘ತಲೆ ಹಣ್ಣಾಯಿತು’ ಎನ್ನುತ್ತಾರೆ. ನೆರೆಮನೆಯ ಮರಾಠಿ ಬಂಧುಗಳು ‘ಕೇಸ ಪಿಕಲೇ’ ಎನ್ನುತ್ತಾರೆ. ಖಾನಾಪುರದ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಕುಟುಂಬಗಳ ಮಾತೂ ಇದೇ ಬೇರಿನದು. ಕಾಯಿ ಹಣ್ಣಾಗುವಂತೆ, ಪೈರು ಮಾಗುವಂತೆ, ಕೂದಲು ಮಾಗಿತು ಎಂದೇ ಎಲ್ಲರ ಭಾವ. ಕೆಟ್ಟುಹೋಯಿತು ಎಂದು ಈ ನೆಲದ ಯಾವ ಭಾಷೆಯೂ ಹೇಳಲಿಲ್ಲ. ಆದರೆ ಅದೇ ಗಲ್ಲಿಯ ಕಿರಾಣಿ ಅಂಗಡಿಯ ಬಾಗಿಲಲ್ಲಿ, ಶಾಂಪೂ ಮತ್ತು ಅಡಿಕೆಪುಡಿಯ ಪೊಟ್ಟಣಗಳ ನಡುವೆ, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣಗಳು ಮಾಲೆಯಾಗಿ ತೂಗುತ್ತಿರುತ್ತವೆ. ನಾಲಿಗೆ ಹಣ್ಣೆಂದು ಕರೆದುದನ್ನು ಕೈ ಮುಚ್ಚಿಡಲು ಅವಸರಪಡುತ್ತಿದೆ.

ಕೆಲವು ವರ್ಷಗಳಿಂದ, ಧರ್ಮಕೇಂದ್ರದ ಕುಟುಂಬಗಳಿಗೆ ಭೇಟಿಯಿತ್ತಾಗ, ಚಹಾ ಕುಡಿದು ಏಳುವ ಹೊತ್ತಿಗೆ ಒಂದು ಪ್ರಶ್ನೆ ನಮ್ಮ ಮುಂದೆ ಬರುತ್ತಿದೆ. ಕೇಳುವವರು ಬಹುಮಟ್ಟಿಗೆ ಐವತ್ತರ ಆಸುಪಾಸಿನ ತಾಯಂದಿರು. ‘ಫಾದರ್, ಬಣ್ಣ ಹಚ್ಚುವುದನ್ನು ಬಿಡಬೇಕೆಂದಿದ್ದೇನೆ. ಆದರೆ ಬಿಡುವುದು ಹೇಗೆ?’ ಇದು ಅಲಂಕಾರದ ಮಾತು, ಗುರುಗಳಿಗೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಪ್ರಶ್ನೆಯ ಹಿಂದೆ ಇರುವುದು ಅಲಂಕಾರವಲ್ಲ, ಅಂಜಿಕೆ. ಮನೆಯವರ ಅಂಜಿಕೆ, ಬೀಗರ ಅಂಜಿಕೆ, ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ನಿಂತು ಮಾತಾಡುವವರ ಅಂಜಿಕೆ. ಆದುದರಿಂದ ಇದು ನಮಗೂ ಸಂಬಂಧಪಟ್ಟ ವಿಷಯವೇ.

ಹಲವರು ಈ ನಿರ್ಧಾರದ ಆರಂಭವನ್ನು 2020ಕ್ಕೆ ಕೊಂಡೊಯ್ಯುತ್ತಾರೆ. ಆ ವರ್ಷದ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಕ್ಷೌರದಂಗಡಿಗಳೂ ಬ್ಯೂಟಿ ಪಾರ್ಲರುಗಳೂ ಮುಚ್ಚಿದವು. ಆ ವಾರಗಳಲ್ಲಿ ಬೈತಲೆಯ ಎರಡೂ ಬದಿಗೆ ಬಿಳಿಯ ಗೆರೆಯೊಂದು ಮೂಡಿತು. ಪೂಜೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದ ಕಾಲವದು; ನೋಡುವವರು ಯಾರೂ ಇರಲಿಲ್ಲ. ನೋಡುವವರು ಇಲ್ಲವಾದಾಗ ಬಣ್ಣದ ಅಗತ್ಯವೂ ಇಲ್ಲವಾಯಿತು ಎಂಬುದನ್ನು ಕೆಲವರು ತಮ್ಮಷ್ಟಕ್ಕೆ ತಾವೇ ಗಮನಿಸಿದರು. ಬಾಗಿಲು ತೆರೆದ ಮೇಲೆ ಹೆಚ್ಚಿನವರು ಮತ್ತೆ ಹಚ್ಚಿಕೊಂಡರು. ಕೆಲವರು ಮಾತ್ರ ಆ ಗೆರೆ ಎಲ್ಲಿಗೆ ಹೋಗಿ ಮುಟ್ಟುವುದೋ ನೋಡೋಣವೆಂದು ಸುಮ್ಮನಿದ್ದರು.

ಆ ಗೆರೆಯ ಪ್ರಯಾಣ ನಿಧಾನವಾದದ್ದು. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಗಂಡಸಿಗೆ ಮೂರು ನಾಲ್ಕು ತಿಂಗಳಲ್ಲಿ ಹಳೆಯ ಬಣ್ಣ ಪೂರ್ತಿ ಹೋಗುತ್ತದೆ. ಭುಜದವರೆಗೆ ಜಡೆಯುಳ್ಳವರಿಗೆ ಎರಡು ಮೂರು ವರ್ಷ, ಸೊಂಟದವರೆಗಿನ ಜಡೆಗೆ ಐದಾರು ವರ್ಷ. ಒಮ್ಮೆ ನೆತ್ತಿಯಿಂದ ಹೊರಬಂದ ಕೂದಲು ಜೀವವಿಲ್ಲದ ವಸ್ತು. ಅದು ತಾನಾಗಿ ಬಣ್ಣ ಬದಲಿಸಲಾರದು. ರಾತ್ರೋರಾತ್ರಿ ತಲೆ ಬೆಳ್ಳಗಾಯಿತೆಂಬ ಕಥೆಗಳನ್ನು ಈ ಕಾರಣದಿಂದ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಚಿಂತೆಯಿಂದ ಕೂದಲು ನರೆಯುತ್ತದೆ ಎಂಬ ಅಜ್ಜಿಯರ ಮಾತಿನಲ್ಲಿ ಹುರುಳಿರುವಂತಿದೆ. ಕೂದಲ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿಗೆ ಮೂಲವಾದ ಕೋಶಗಳ ದಾಸ್ತಾನು ತೀವ್ರ ಒತ್ತಡದಿಂದ ಬೇಗನೆ ಬರಿದಾಗುತ್ತದೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ.

ಬಣ್ಣದ ಕಥೆಯನ್ನೂ ಸ್ವಲ್ಪ ತಿಳಿದುಕೊಳ್ಳುವುದು ಒಳಿತು. ಯೂಜೀನ್ ಶ್ಯೂಲರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1907ರಲ್ಲಿ ಕೂದಲಿಗೆ ಕೃತಕ ಬಣ್ಣವೊಂದನ್ನು ಸಿದ್ಧಪಡಿಸಿ ಪ್ಯಾರಿಸ್ಸಿನ ಕ್ಷೌರಿಕರಿಗೆ ಮಾರತೊಡಗಿದ. ಅವನು 1909ರಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಲೋರೆಯಾಲ್ ಎಂದು ಹೆಸರಾಯಿತು. ಇಂದಿನ ಹೆಚ್ಚಿನ ಗಾಢ ಬಣ್ಣಗಳ ಮೂಲದ್ರವ್ಯ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬುದು. ವೈದ್ಯರು ಚಿಕ್ಕದಾಗಿ ಪಿ.ಪಿ.ಡಿ. ಎನ್ನುತ್ತಾರೆ. ಇದು ಕೂದಲಿನೊಳಕ್ಕೆ ಇಳಿದು, ಜೊತೆಗೆ ಬೆರೆಸುವ ಹೈಡ್ರೋಜನ್ ಪೆರಾಕ್ಸೈಡಿನ ಸಂಗದಿಂದ ಕಪ್ಪಾಗಿ, ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಜನರಿಗೆ ಇದರಿಂದ ತೊಂದರೆಯೇ ಆಗುವುದಿಲ್ಲ. ಆಗುವವರಿಗೆ ಮಾತ್ರ ತೀವ್ರವಾಗಿ ಆಗುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2006ರಲ್ಲಿ ಇದನ್ನೇ ಆ ವರ್ಷದ ಮುಖ್ಯ ಅಲರ್ಜಿಕಾರಕವೆಂದು ಹೆಸರಿಸಿತ್ತು. ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ತಿರುಗಿ ಬೀಳಬಹುದು. ಹಾಗೆ ಬಿದ್ದ ಮೇಲೆ ಸಾಮಾನ್ಯವಾಗಿ ಜೀವನಪರ್ಯಂತ ಅದು ಈ ವಸ್ತುವನ್ನು ಸಹಿಸುವುದಿಲ್ಲ.

ಇಲ್ಲಿ ಒಬ್ಬ ತಾಯಿಯ ವಿಷಯವನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇವೆ. ಅವರ ತವರು ಖಾನಾಪುರ ತಾಲೂಕಿನ ಕಾಡಂಚಿನ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಬೆಳಗಾವಿಯ ಕ್ಯಾಂಪ್ ಪ್ರದೇಶಕ್ಕೆ. ವೃತ್ತಿಯಿಂದ ಶಿಕ್ಷಕಿ. ಮೂವತ್ತನಾಲ್ಕನೆಯ ವಯಸ್ಸಿನಿಂದ ಮೂರು ವಾರಕ್ಕೊಮ್ಮೆ, ಶನಿವಾರ ರಾತ್ರಿ, ಮರುದಿನದ ಪೂಜೆಗೆ ಒಪ್ಪವಾಗಿ ಹೋಗಲೆಂದು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಐವತ್ತು ದಾಟುವಾಗ ಕಿವಿಯ ಹಿಂದೆ ತುರಿಕೆ ಶುರುವಾಯಿತು, ಬಿಸಿಲಿನದಿರಬೇಕು ಎಂದುಕೊಂಡರು. ಆಮೇಲೆ ಒಂದು ಸಲ, ಹಚ್ಚಿದ ಎರಡನೆಯ ದಿನ, ಹಣೆ ಊದಿಕೊಂಡು ರೆಪ್ಪೆಗಳು ತೆರೆಯಲಾರದೆ ಶಾಲೆಗೆ ರಜೆ ಹಾಕಬೇಕಾಯಿತು. ಚರ್ಮವೈದ್ಯರು ಪರೀಕ್ಷಿಸಿ, ಇನ್ನು ಮೇಲೆ ಇದನ್ನು ಮುಟ್ಟಕೂಡದು, ಮತ್ತೊಮ್ಮೆ ಹಚ್ಚಿದರೆ ಇದಕ್ಕಿಂತ ಹೆಚ್ಚಾದೀತು ಎಂದು ಎಚ್ಚರಿಸಿದರು.

ಅದೇ ಹೊತ್ತಿಗೆ ಹಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ಮನೆಯಲ್ಲಿ ಮಾತುಕತೆ ನಡೆಯಿತು. ನಾದಿನಿಯವರ ಸಲಹೆ ಹೀಗಿತ್ತು: ‘ಲಗ್ನ ಮುಗಿಯೂತನಕ ಒಂದೆರಡು ಸಲ ಹಚ್ಚಿಕೊಳ್ರಿ ವೈನಿ. ಗುಳಿಗಿ ತಗೊಂಡು ತಡಕೊಳ್ರಿ. ಫೋಟೋ ಜೀವನ ತುಂಬ ಇರ್ತಾವು. ಬೀಗರು ಏನಂದಾರು?’ ಹೇಳಿದವರು ಕೆಟ್ಟವರಲ್ಲ, ಮನೆಯ ಮಾನ ಉಳಿಯಲೆಂದೇ ಹೇಳಿದವರು. ಆದರೆ ಆ ಮಾತನ್ನು ಬಿಡಿಸಿ ನೋಡಿದರೆ ಏನು ಸಿಗುತ್ತದೆ? ಹೆಣ್ಣುಮಗಳೊಬ್ಬಳ ಕಣ್ಣಿಗಿಂತ ಒಂದು ದಿನದ ಚಿತ್ರ ಹೆಚ್ಚು. ಮಗಳ ಬೆಲೆಯಲ್ಲಿ ತಾಯಿಯ ಕೂದಲಿನ ಬಣ್ಣವೂ ಒಂದು ಬಾಬತ್ತು. ಇಷ್ಟು ಕಠೋರವಾದ ಮಾತನ್ನು ನಾವು ಇಷ್ಟು ಮೃದುವಾಗಿ ಆಡಬಲ್ಲೆವು ಎಂಬುದೇ ಆಶ್ಚರ್ಯ.

ಪತಿ ಏನೂ ಹೇಳಿರಲಿಲ್ಲ. ಆ ಮೌನವೇ ಅವರಿಗೆ ಹೆಚ್ಚು ಭಾರವಾಗಿತ್ತು. ಅವರು ನಮ್ಮಲ್ಲಿಗೆ ಬಂದದ್ದು ಅನುಮತಿ ಕೇಳಲಿಕ್ಕಲ್ಲ, ಪತಿಯೊಡನೆ ಒಮ್ಮೆ ಮಾತಾಡಿರೆಂದು ವಿನಂತಿಸಲಿಕ್ಕೆ. ನಾವು ಅವರ ಪತಿಯನ್ನು ಕರೆಸಿದೆವು. ಸಜ್ಜನ, ಮಿತಭಾಷಿ. ಬಹಳ ಹೊತ್ತು ಕೈಯಲ್ಲಿದ್ದ ಕೀಲಿಗೊಂಚಲನ್ನು ತಿರುಗಿಸುತ್ತ ಕುಳಿತಿದ್ದು ಕೊನೆಗೆ ಹೇಳಿದರು: ‘ಫಾದರ್, ಆಕಿ ತಲಿ ಬೆಳ್ಳಗಾತಂದ್ರ ನಾನೂ ಮುದುಕ ಆದಂಗ ಆತಲ್ರಿ.’ ಅವರಿಗೂ ಬಣ್ಣ ಹಚ್ಚುವ ರೂಢಿಯಿತ್ತು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾವು ನಿರೀಕ್ಷಿಸಿರಲಿಲ್ಲ. ಗಂಡಹೆಂಡಿರು ಒಬ್ಬರಿಗೊಬ್ಬರು ಕನ್ನಡಿ. ಒಬ್ಬರು ತಮ್ಮ ಮುಖವನ್ನು ಬದಲಿಸಿಕೊಂಡರೆ ಇನ್ನೊಬ್ಬರಿಗೆ ತಮ್ಮ ಮುಖವೇ ಬೇರೆಯಾಗಿ ಕಾಣುತ್ತದೆ. ಆ ಹೆದರಿಕೆಯನ್ನು ಹೆಂಡತಿಯ ಮುಂದೆಯೂ ಹೀಗೆಯೇ ಹೇಳಿಬಿಡಿ ಎಂದಷ್ಟೇ ನಾವು ಹೇಳಿ ಕಳುಹಿಸಿದೆವು. ಅವರು ಹೇಳಿದರೆಂದು ಕಾಣುತ್ತದೆ. ಮಗಳಂತೂ ಮೊದಲೇ ತೀರ್ಮಾನ ಕೊಟ್ಟಿದ್ದಳು: ‘ಮಮ್ಮಿ, ನಿನ್ನ ಕಣ್ಣು ಊದಿದ ಫೋಟೋ ನನಗ ಬ್ಯಾಡ.’

ಆ ಏಳು ತಿಂಗಳು ಸುಲಭವಾಗಿರಲಿಲ್ಲ. ಬುಡದಲ್ಲಿ ಬೆಳ್ಳಿ, ನಡುವೆ ಕೆಂಪುಬಣ್ಣಕ್ಕೆ ತಿರುಗಿದ ಹಳೆಯ ಡೈ, ತುದಿಯಲ್ಲಿ ಕಪ್ಪು. ಶಾಲೆಯಲ್ಲಿ ಮಕ್ಕಳು ಎರಡು ದಿನ ನೋಡಿ ಮರೆತರು; ಮಕ್ಕಳಿಗೆ ಶಿಕ್ಷಕಿಯರೆಲ್ಲರೂ ಹೇಗಿದ್ದರೂ ಮುದುಕಿಯರೇ. ದೊಡ್ಡವರು ಮರೆಯಲಿಲ್ಲ. ‘ಯಾಕವ್ವ, ಆರಾಮಿಲ್ಲೇನು?’ ಎಂಬುದು ಮೆಟ್ಟಿಲ ಮೇಲಿನ ಮೊದಲ ಪ್ರಶ್ನೆ. ‘ಹರಕೆ ಏನಾರ ಹೊತ್ತೀರೇನು?’ ಎಂಬುದು ಎರಡನೆಯದು. ಕಾಯಿಲೆ, ಹರಕೆ, ದುಃಖ, ಈ ಮೂರನ್ನು ಬಿಟ್ಟು ಹೆಂಗಸಿನ ತಲೆ ಬೆಳ್ಳಗಾಗಲು ನಾಲ್ಕನೆಯ ಕಾರಣವೇ ಇರಲಾರದು ಎಂಬಂತೆ! ನಡುವೆ ಒಂದು ಭಾನುವಾರ ಅವರು ಖಾನಾಪುರಕ್ಕೆ ಹೋಗಿ, ಎಂಬತ್ತು ದಾಟಿದ ತಾಯಿಯ ಮುಂದೆ ಕುಳಿತರು. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್ ಅಷ್ಟೇ. ಆದರೆ ಆ ತಾಯಿ ಬಣ್ಣದ ಪೊಟ್ಟಣವನ್ನು ಎಂದೂ ಒಡೆದವರಲ್ಲ. ಅವರು ಮಗಳ ತಲೆಯನ್ನು ನೋಡಿ, ನಮ್ಮ ಕೊಟ್ಟಿಗೆಯ ಹಂಡ ಆಕಳಿನಂತಾಗಿದ್ದೀಯಲ್ಲ ಎಂದು ಕೊಂಕಣಿಯಲ್ಲಿ ಹೇಳಿ ನಕ್ಕು, ಕೊಬ್ಬರಿ ಎಣ್ಣೆ ಹಚ್ಚಿ, ಬಾಚಿ, ಹೆಣೆದು ಕೊಟ್ಟರಂತೆ. ಆ ನಗುವಿನಿಂದ ತಮಗೆ ಸಿಕ್ಕಿದ ಧೈರ್ಯ ಬೇರೆ ಯಾವ ಉಪದೇಶದಿಂದಲೂ ಸಿಗಲಿಲ್ಲವೆಂದು ಅವರು ನಮಗೆ ಹೇಳಿದ್ದಾರೆ. ನಮ್ಮ ಉಪದೇಶವೂ ಅದರಲ್ಲಿ ಸೇರಿತು. ಮದುವೆಯ ದಿನ ಅವರು ತುರುಬು ಕಟ್ಟಿ, ಮಲ್ಲಿಗೆ ಮುಡಿದು, ಮುಂದಿನ ಸಾಲಿನಲ್ಲಿ ನಿಂತಿದ್ದರು. ಬೀಗರು ಏನೂ ಅನ್ನಲಿಲ್ಲ.

ಬಣ್ಣ ಹಚ್ಚುವುದು ಪಾಪವೇ ಎಂದು ಕೇಳಿದವರೂ ಇದ್ದಾರೆ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಕಟುವಾದ ಉತ್ತರಗಳಿವೆ. ಸಿಯೋಸ್ ದ್ವೀಪದ ಮುದುಕನೊಬ್ಬ ನರೆಗೂದಲಿಗೆ ಬಣ್ಣ ಹಚ್ಚಿಕೊಂಡು ಸ್ಪಾರ್ಟಾಕ್ಕೆ ಬಂದು ಸಭೆಯಲ್ಲಿ ಮಾತನಾಡಿದಾಗ, ಅರಸ ಆರ್ಕಿಡಾಮಸ್ ಎದ್ದುನಿಂತು, ತಲೆಯ ಮೇಲೆಯೇ ಸುಳ್ಳನ್ನು ಹೊತ್ತವನಿಂದ ನಿಜವನ್ನು ನಿರೀಕ್ಷಿಸುವುದು ಹೇಗೆಂದು ಕೇಳಿದನೆಂದು ಏಲಿಯನ್ ಎಂಬ ಲೇಖಕ ಬರೆದಿದ್ದಾನೆ. ಧರ್ಮಸಭೆಯ ಆದಿಕಾಲದ ತೆರ್ತುಲ್ಲಿಯನ್ ಮತ್ತು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಕೂಡ ಕೂದಲಿಗೆ ಬಣ್ಣ ಹಚ್ಚುವುದನ್ನು ಖಂಡಿಸಿದ್ದಾರೆ. ಆದರೆ ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಹೆಂಗಸರ ಅಲಂಕಾರವನ್ನು ಕುರಿತ ಪ್ರಶ್ನೆಯನ್ನು ಎತ್ತಿಕೊಂಡಾಗ, ತಮ್ಮ ಅಭ್ಯಾಸದಂತೆ, ಒಂದನ್ನು ಎರಡಾಗಿ ಬಿಡಿಸಿದರು: ಇಲ್ಲದ ಚೆಲುವನ್ನು ಇದೆಯೆಂದು ನಟಿಸುವುದು ಬೇರೆ, ಕಾಯಿಲೆಯಂತಹ ಕಾರಣದಿಂದ ಬಂದ ಕುಂದನ್ನು ಮರೆಮಾಡುವುದು ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಅವರು ಒಪ್ಪಲಿಲ್ಲ. ನಮಗೆ ಸ್ಪಾರ್ಟಾದ ಅರಸನ ಮಾತು ಚುರುಕಾಗಿ ಕಾಣುತ್ತದೆ, ಅಕ್ವಿನಾಸರದು ನ್ಯಾಯವಾಗಿ ಕಾಣುತ್ತದೆ.

ಏಕೆಂದರೆ ಉದ್ಯಮಬಾಗಿನ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ಐವತ್ತನಾಲ್ಕರಲ್ಲಿ ಕೆಲಸ ಕಳೆದುಕೊಂಡ ಒಬ್ಬರನ್ನು ನಾವು ಬಲ್ಲೆವು. ಬಿಳಿಯ ತಲೆಯಲ್ಲಿ ನಾಲ್ಕು ಕಡೆ ಕೆಲಸ ಕೇಳಿ ಹಿಂದಿರುಗಿದರು. ಐದನೆಯ ಕಡೆಗೆ ಹೋಗುವ ಮುನ್ನ ಬಣ್ಣ ಹಚ್ಚಿಕೊಂಡರು; ಕೆಲಸ ಸಿಕ್ಕಿತು. ಬಣ್ಣದಿಂದಲೇ ಸಿಕ್ಕಿತೋ ಹೇಳಲಾಗದು, ಆದರೆ ಅವರು ಇಂದಿಗೂ ತಪ್ಪದೆ ಹಚ್ಚುತ್ತಾರೆ. ಖಾನಾಪುರದಿಂದ ದಿನವೂ ಬಂದು ಖಡೇಬಜಾರಿನ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳ ಪಾಡೂ ಬೇರೆಯಲ್ಲ. ಇವರ ಮುಂದೆ ನಿಂತು ಸಹಜತೆಯ ಹಿರಿಮೆಯನ್ನು ಬೋಧಿಸುವುದು ನಮ್ಮಿಂದಾಗದು. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಲೇಖಕಿ ಸುಧಾ ಮೂರ್ತಿಯವರು ನರೆತ ಕೂದಲಿನಲ್ಲಿ ಹೂ ಮುಡಿದು ಸಭೆಗಳಿಗೆ ಬರುವುದನ್ನು ನಾಡೇ ಮೆಚ್ಚಿದೆ. ಮಂಗಳೂರು ಮೂಲದ ತಾಯಿಯ ಮಗಳಾದ ಚಿತ್ರನಟಿ ಸಮೀರಾ ರೆಡ್ಡಿಯವರು 2021ರಲ್ಲಿ, ಬಿಳಿಕೂದಲನ್ನು ಏಕೆ ಮುಚ್ಚಿಕೊಳ್ಳುವುದಿಲ್ಲವೆಂದು ತಂದೆಯೇ ಕೇಳಿದ್ದನ್ನೂ, ಮೊದಲೆಲ್ಲ ಎರಡು ವಾರಕ್ಕೊಮ್ಮೆ ತಪ್ಪದೆ ಹಚ್ಚುತ್ತಿದ್ದುದನ್ನೂ ಬಹಿರಂಗವಾಗಿ ಬರೆದುಕೊಂಡಿದ್ದರು. ಇಂತಹವರಿಂದ ದಾರಿ ಅಗಲವಾಗುತ್ತದೆ ನಿಜ. ಆದರೆ ಹೆಸರುಳ್ಳವರ ನರೆಗೆ ಸಿಗುವ ಗೌರವ ಅಂಗಡಿಯಲ್ಲಿ ನಿಂತು ದುಡಿಯುವವಳ ನರೆಗೆ ಸಿಗುವ ದಿನ ಇನ್ನೂ ಬಂದಿಲ್ಲ.

ನಮ್ಮ ವಿದ್ಯಾರ್ಥಿದೆಸೆಯಲ್ಲಿ ಸೆಮಿನರಿಯ ತರ್ಕಶಾಸ್ತ್ರದ ತರಗತಿಯಲ್ಲಿ ಗ್ರೀಕರ ಒಂದು ಒಗಟನ್ನು ಬಿಡಿಸಲು ಕೊಡುತ್ತಿದ್ದರು. ಯೂಬುಲಿಡೀಸ್ ಎಂಬವನದೆಂದು ಹೇಳುತ್ತಾರೆ. ತಲೆಯಿಂದ ಒಂದು ಕೂದಲು ಉದುರಿದರೆ ಮನುಷ್ಯ ಬೋಳನಾಗುವುದಿಲ್ಲ. ಇನ್ನೊಂದು ಉದುರಿದರೂ ಆಗುವುದಿಲ್ಲ. ಹಾಗಾದರೆ ಎಷ್ಟನೆಯ ಕೂದಲಿಗೆ ಬೋಳನಾಗುತ್ತಾನೆ? ನರೆಯ ವಿಷಯದಲ್ಲಿಯೂ ಇದೇ ಪ್ರಶ್ನೆ. ಸುಮಾರು 1 ಲಕ್ಷ ಕೂದಲುಗಳ ತಲೆಯಲ್ಲಿ ಎಷ್ಟನೆಯದು ಬೆಳ್ಳಗಾದಾಗ ಮುದಿತನ ಬಂತು? ಪ್ರಕೃತಿ ಎಲ್ಲಿಯೂ ಗೆರೆ ಎಳೆಯುವುದಿಲ್ಲ. ಒಂದೊಂದಾಗಿ, ಯಾರಿಗೂ ಹೇಳದೆ, ವರ್ಷಗಟ್ಟಲೆ ಅದು ತನ್ನ ಕೆಲಸವನ್ನು ಮಾಡುತ್ತದೆ. ನೋಡುವವರ ಕಣ್ಣಿಗೂ ನಿಧಾನವಾಗಿ ರೂಢಿಯಾಗುತ್ತದೆ. ಗೆರೆ ಎಳೆಯುವುದು ಬಣ್ಣದ ಬಾಟಲಿ. ಇಪ್ಪತ್ತು ವರ್ಷ ನಿಧಾನವಾಗಿ ಆಗಬೇಕಾಗಿದ್ದ ಬದಲಾವಣೆಯನ್ನು ಅದು ಕೂಡಿಟ್ಟು, ಬಿಟ್ಟ ದಿನ ಒಮ್ಮೆಲೇ ಬೈತಲೆಯ ಮೇಲೆ ಸುರಿಯುತ್ತದೆ. ಬಿಡುವವರಿಗೆ ನೋವಾಗುವುದು ಬಿಳಿಯ ಬಣ್ಣದಿಂದಲ್ಲ, ಈ ಗೆರೆಯಿಂದ.

ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ (1209) ಅರಸ ಯಶೌಘನು ಕನ್ನಡಿಯಲ್ಲಿ ನರೆಗೂದಲೊಂದನ್ನು ಕಂಡು, ಪಟ್ಟವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡುತ್ತಾನೆ. ಅಷ್ಟು ದೂರ ಹೋಗಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ಪವಿತ್ರ ಗ್ರಂಥದ ದೃಷ್ಟಿ ಇದಕ್ಕಿಂತ ಮನೆಯ ಹತ್ತಿರದ್ದು. ನರೆಯನ್ನು ಕಿರೀಟವೆಂದು ಕಾಣುವ ಜ್ಞಾನೋಕ್ತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಯಾಜಕಕಾಂಡದ 19ನೆಯ ಅಧ್ಯಾಯವಾದರೋ ಮಾತನ್ನು ಕಿರಿಯರಿಗೆ ಹೇಳುತ್ತದೆ: ನರೆತ ತಲೆಯವರ ಮುಂದೆ ನೀವು ಎದ್ದು ನಿಲ್ಲಬೇಕು. ನರೆತವರು ಹೇಗಿರಬೇಕು ಎಂಬುದಕ್ಕಿಂತ, ಅವರನ್ನು ನೋಡುವವರು ಹೇಗಿರಬೇಕು ಎಂಬುದೇ ಅಲ್ಲಿನ ಚಿಂತೆ. ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರ ನಮ್ಮಲ್ಲಿಯೂ ಆಚರಿಸುತ್ತೇವೆ. ಪೂಜೆಯ ಕೊನೆಯಲ್ಲಿ, ಅರವತ್ತು ದಾಟಿದವರು ಆಶೀರ್ವಾದಕ್ಕಾಗಿ ಎದ್ದು ನಿಲ್ಲಿರೆಂದು ಕೇಳಿಕೊಂಡರೆ, ಬಿಳಿಯ ತಲೆಗಳು ಮಾತ್ರ ಏಳುತ್ತವೆ. ಜ್ಞಾನಸ್ನಾನದ ದಾಖಲೆ ಪುಸ್ತಕ ನಮ್ಮ ಬಳಿಯೇ ಇರುವುದನ್ನು ಮರೆತು, ಕಪ್ಪು ತಲೆಗಳು ಅತ್ತಿತ್ತ ನೋಡುತ್ತ ಕುಳಿತೇ ಇರುತ್ತವೆ!

ಬಿಡಬೇಕೆಂದಿರುವವರಿಗೆ ಕೆಲವು ಮಾತು. ಮದರಂಗಿ ಎಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬೇಡಿ. ಶುದ್ಧ ಮದರಂಗಿಯ ಬಣ್ಣ ಕೇಸರಿ ಕೆಂಪು. ಅದು ಕಪ್ಪಾಗಿದ್ದರೆ ಬೇರೆ ಏನೋ ಬೆರೆತಿದೆ, ಬಹಳ ಸಲ ಅದೇ ಪಿ.ಪಿ.ಡಿ. ಹಚ್ಚುವುದನ್ನು ಮುಂದುವರಿಸುವವರು ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವಂತೆ, ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಇದನ್ನು ಓದಿದವರನ್ನು ನಾವು ಇನ್ನೂ ಕಂಡಿಲ್ಲ. ಇಪ್ಪತ್ತೈದರ ಒಳಗೇ ಮಕ್ಕಳ ಕೂದಲು ನರೆಯತೊಡಗಿದರೆ ಗೇಲಿ ಮಾಡದೆ ವೈದ್ಯರಿಗೆ ತೋರಿಸಿ. ಬಿ-12 ಜೀವಸತ್ವದ ಕೊರತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು, ಏನೂ ಇಲ್ಲದೆ ಮನೆತನದ ಬಾಲನೆರೆಯೂ ಆಗಿರಬಹುದು. ಕೂದಲನ್ನು ಗಿಡ್ಡ ಮಾಡಿಕೊಂಡರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಮನಸ್ಸಿಲ್ಲದವರು ತುರುಬು ಕಟ್ಟಿ, ಸೆರಗು ಹೊದೆದು ಕಾಯಬಹುದು. ಹೆಂಗಸರು ದೇವಾಲಯದಲ್ಲಿ ತಲೆ ಮುಚ್ಚಿಕೊಳ್ಳಬೇಕೆಂಬ 1917ರ ಧರ್ಮಸಭಾ ಸಂಹಿತೆಯ ನಿಯಮ 1983ರ ಹೊಸ ಸಂಹಿತೆಯಲ್ಲಿ ಇಲ್ಲ. ಆದರೆ ಈ ಒಂದು ಕಾರಣಕ್ಕೆ ಆ ಹಳೆಯ ರೂಢಿಯನ್ನು ನೆನೆಯುವ ತಾಯಂದಿರಿದ್ದಾರೆ. ಮನೆಯವರಿಗೆ ನಮ್ಮ ವಿನಂತಿ ಒಂದೇ: ಆ ತಿಂಗಳುಗಳಲ್ಲಿ ‘ಆರಾಮಿಲ್ಲೇನು’ ಎಂದು ಕೇಳಬೇಡಿ.

ನಮ್ಮ ಶಿಕ್ಷಕಿಯ ತಲೆ ಈಗ ಪೂರ್ತಿ ಬೆಳ್ಳಿ. ತುದಿಯ ಕಪ್ಪನ್ನು ಕಳೆದ ಕ್ರಿಸ್ಮಸ್ಸಿಗೆ ಮುಂಚೆ ಕತ್ತರಿಸಿಕೊಂಡರು. ಅವರ ಪತಿ ತಲೆಗೆ ಹಚ್ಚುವುದನ್ನು ಬಿಟ್ಟಿದ್ದಾರೆ, ಮೀಸೆಗೆ ಬಿಟ್ಟಿಲ್ಲ. ಆ ಬಗ್ಗೆ ನಾವು ಏನೂ ಹೇಳಿಲ್ಲ. ಅವರ ಪತ್ನಿಯೂ ಹೇಳಿಲ್ಲವಂತೆ.